ಏಳನೇ ಗ್ರೀನಿನ ಚರಗ

ಏಳನೇ ಗ್ರೀನಿನ ಹಿಂದೆ ಏನೂ ಇಲ್ಲ. ಕೆಳಗೆ ನಿಂತು ನೋಡಿದರೆ ದಿಬ್ಬದ ನೆತ್ತಿಯಲ್ಲಿ ಒಂದು ಹಸಿರು ಪಟ್ಟಿ, ಅದರ ನಡುವೆ ಒಂದು ಬಾವುಟ, ಆಮೇಲೆ ಬರೀ ಮುಗಿಲು. ಮರವಿಲ್ಲ, ಗುಡ್ಡವಿಲ್ಲ, ಕರೆಂಟಿನ ಕಂಬವೂ ಇಲ್ಲ. ಗಾಲ್ಫ್ ಮೈದಾನದ ನಕ್ಷೆ ಬರೆದವರು ಬೇಕೆಂದೇ ಹಾಗೆ ಮಾಡಿದ್ದರು. ಹಿಂದೆ ಏನೂ ಇಲ್ಲದಿದ್ದರೆ ಆಡುವವರಿಗೆ ದೂರದ ಅಂದಾಜು ಸಿಗುವುದಿಲ್ಲ. ಚೆಂಡು ಒಂದೋ ಮುಂಚೆಯೇ ಬೀಳುತ್ತದೆ, ಇಲ್ಲವೇ ದಾಟಿ ಆಚೆ ಇಳಿಜಾರಿಗೆ ಉರುಳುತ್ತದೆ. ಅವರಿಗೆ ಅದರಲ್ಲೇ ಮಜಾ. ನನಗೆ ಮಾತ್ರ ಒಂಬತ್ತು ಗ್ರೀನುಗಳಲ್ಲಿ ಅತಿ ತಂಟೆಯದು ಅದೇ. ನಾಲ್ಕೂ ದಿಕ್ಕಿನ ಗಾಳಿ ಅದರ ಮೈಮೇಲೆ ಹಾಯುತ್ತದೆ. ಉಳಿದ ಎಂಟು ಸಂಜೆ ಹೊತ್ತಿಗೆ ಬಾಡಿದರೆ ಇದು ಮಧ್ಯಾಹ್ನಕ್ಕೇ ಬಾಡಿ ಕೂತಿರುತ್ತದೆ.

ನಾನು ಕಾರಟಗಿ ಕಡೆಯ ಭತ್ತದ ಗದ್ದೆಯಲ್ಲಿ ಬೆಳೆದವನು. ಮೊಣಕಾಲುದ್ದ ಕೆಸರು, ತುಂಬಿದ ಕಾಲುವೆ ನೋಡಿದ ಕಣ್ಣಿಗೆ ಕೊಪ್ಪಳದ ಈ ಒಣ ದಿಬ್ಬಗಳು ಮೊದಮೊದಲು ಶಿಕ್ಷೆಯಂತೆ ಕಂಡಿದ್ದವು. ಇಲ್ಲಿ ಒಂದು ಕಾರ್ಖಾನೆಯ ಕಾಲೊನಿಗೆ ಸೇರಿದ ಒಂಬತ್ತು ಕುಳಿಯ ಗಾಲ್ಫ್ ಮೈದಾನವಿದೆ. ಅದರ ಹುಲ್ಲಿನ ಮೇಲ್ವಿಚಾರಕ ನಾನು. ಗ್ರೀನ್ ಎಂದರೆ ಚೆಂಡು ಬೀಳುವ ಕುಳಿಯ ಸುತ್ತಲಿನ ಅಂಗಳ. ಅದರ ಗರಿಕೆ ಜಾತಿಯ ಹುಲ್ಲನ್ನು ದಿನಾ ಬೆಳಿಗ್ಗೆ ಒಂದು ಜೋಳದ ಕಾಳಿನಷ್ಟು ಎತ್ತರಕ್ಕೆ ಕತ್ತರಿಸಬೇಕು. ಕತ್ತರಿಸುವ ಮುನ್ನ ಉದ್ದನೆಯ ಬಿದಿರು ಗಳದಿಂದ ಇಬ್ಬನಿ ಉದುರಿಸಬೇಕು. ಕಳೆ ಕಂಡರೆ ಎಳೆಯಬಾರದು. ಸಣ್ಣ ಚಾಕುವಿನಿಂದ ಹುಲ್ಲನ್ನು ಮೂರು ಕಡೆ ಗೀರಿ, ಡಬ್ಬಿಯ ಮುಚ್ಚಳದಂತೆ ಎತ್ತಿ, ಬೇರು ತೆಗೆದು, ಒಂದು ಚಿಟಿಕೆ ಮರಳು ಉದುರಿಸಿ, ಮತ್ತೆ ಮುಚ್ಚಿ ಹೆಬ್ಬೆರಳಿನಿಂದ ಒತ್ತಬೇಕು. ಒತ್ತಿದ ಮೇಲೆ ಅಲ್ಲಿ ಕೈ ಆಡಿದ್ದು ಗೊತ್ತೇ ಆಗಬಾರದು.

ಈ ಕೆಲಸವನ್ನು ನಾನು ಕಲಿಸಿದ ಹನ್ನೊಂದು ಹೆಣ್ಣಾಳುಗಳಲ್ಲಿ ಒಬ್ಬಾಕೆ ನನಗಿಂತ ಚೆನ್ನಾಗಿ ಕಲಿತಳು. ಐವತ್ತು ದಾಟಿದವಳು, ಗಂಡ ಇಲ್ಲ, ಆಳುಗಳ ಮುಂದಾಳು. ನಾನು ಯಕ್ಕಾ ಎನ್ನುತ್ತಿದ್ದೆ. ಒಂದೊಂದು ಕಡೆ ಒತ್ತಿದಾಗಲೂ ತಲೆ ಎತ್ತಿ, "ಸರಿಯಾಗಿ ಕುಂತೈತೇನ್ ನೋಡ್ರಿ ಸಾಹೇಬ್ರ" ಎಂದು ಕೇಳುವಳು. ನಾನು ಬರಿಗಾಲಿನಿಂದ ಸವರಿ ನೋಡಿ ಹೂಂ ಎನ್ನಬೇಕು. ಇದು ನಮ್ಮ ನಡುವಿನ ರೂಢಿ. ಬಾಯಿಯೂ ಕಡಿಮೆ ಇರಲಿಲ್ಲ. "ಹೊಲದಾಗಿನ ಕರಿಕಿ ಕಿತ್ತು ಕಿತ್ತು ನಮ್ಮತ್ತಿ ನಡ ಬಗ್ಗಿ ಸತ್ಲು. ಈಗ ಅದ ಕರಿಕಿಗೆ ನಾವು ಜಳಕಾ ಮಾಡ್ಸಿ ಹೇನು ನೋಡಾಕ್ಹತ್ತೀವಿ" ಎಂದು ಎಲ್ಲರನ್ನೂ ನಗಿಸುವಳು. ನನ್ನನ್ನು ನೀರಾವರಿ ಸಾಹೇಬ ಎಂದು ಕರೆಯುವುದೂ ನನ್ನ ಕಿವಿಗೆ ಬಿದ್ದಿತ್ತು.

ಏಳನೇ ಗ್ರೀನ್ ಇರುವ ದಿಬ್ಬ ಹಿಂದೆ ಅವಳ ಹೊಲ. ಕೆಂಪು ಮಸಾರಿ ಮಣ್ಣು. ಸಜ್ಜೆ, ತೊಗರಿ ಬೆಳೆಯುತ್ತಿದ್ದರಂತೆ. ಕಾರ್ಖಾನೆ ಬಂದಾಗ ಆ ಜಮೀನು ಹೋಯಿತು, ಬದಲಿಗೆ ಮನೆಗೊಂದು ಕೆಲಸ ಸಿಕ್ಕಿತು. ಮೈದಾನ ಕಟ್ಟಿದವರು ಖರ್ಚು ಉಳಿಸಲು ಹೊರಗಿನಿಂದ ಏನೂ ತರದೆ ಅಲ್ಲಿಯ ಮಣ್ಣನ್ನೇ ದೂಡಿ ಗುಡ್ಡೆ ಹಾಕಿ ಗ್ರೀನ್ ಎಬ್ಬಿಸಿದ್ದರು. ಹಾಗಾಗಿ ಮೇಲಿನ ಎರಡು ಬೆರಳು ಮರಳಿನ ಕೆಳಗೆ ಇದ್ದದ್ದು ಅವಳ ಹೊಲದ ಮಣ್ಣೇ. ಕಾಲೊನಿಯ ಗೋಡೆ ದಾಟಿ ಒಳಗೆ ಬರಲು ಗೇಟಿನಲ್ಲಿ ಫೋಟೊ ಇರುವ ಪಾಸು ತೋರಿಸಬೇಕು. ಕೊರಳಲ್ಲಿ ತೂಗುವ ಆ ಪಾಸನ್ನು ಮುಟ್ಟಿ ಅವಳು ಒಮ್ಮೆ ಹೇಳಿದ್ದಳು, "ನನ್ನ ಹೊಲದ ಪಟ್ಟಾ ಇದ ನೋಡ್ರಿ ಈಗ. ಇದಿಲ್ಲಂದ್ರ ಗ್ವಾಡಿ ಹೊರಗ."

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ಈ ಸೀಮೆಯ ಒಕ್ಕಲು ಮನೆಯವರೆಲ್ಲ ಹೊಲಕ್ಕೆ ಹೋಗುತ್ತಾರೆ. ಪೈರು ಹೊತ್ತ ಭೂಮಿ ಬಸುರಿ ಹೆಂಗಸು, ಅವಳ ಬಯಕೆ ತೀರಿಸಬೇಕು ಎಂಬ ನಂಬಿಕೆ. ಕಡುಬು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಬದನೆಕಾಯಿ ಎಲ್ಲ ಕಲಸಿ, ಹೊಲದ ತುಂಬ ಹುಲ್ಲುಲಿಗೋ ಎಂದು ಕೂಗುತ್ತ ಎರಚುತ್ತಾರೆ. ಅದೇ ಚರಗ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಅವಳು ಬಂದು, "ಒಂದ್ ತಾಸು ಬಿಡ್ರಿ ಸಾಹೇಬ್ರ, ನನ್ನ ಹೊಲಕ್ಕ ಚರಗ ಚೆಲ್ಲಿ ಬರ್ತೀನಿ" ಎಂದಿದ್ದಳು. ಮೈದಾನದಲ್ಲಿ ಊಟದ ಸಾಮಾನು ತರಬಾರದೆಂದು ಬೋರ್ಡೇ ಇದೆ. ಗ್ರೀನಿನ ಅಂಚಿನ ಒರಟು ಹುಲ್ಲಿನಲ್ಲಿ ಐದು ತುತ್ತು ಚೆಲ್ಲು ಎಂದು ಹೇಳಿ ನಾನು ಮುಖ ಆ ಕಡೆ ಮಾಡಿದೆ. ಕೂಗುವಂತಿರಲಿಲ್ಲ, ಬಾಯೊಳಗೇ ಹುಲ್ಲುಲಿಗೋ ಎಂದುಕೊಂಡು ಚೆಲ್ಲಿದಳು. ಕಾಗೆ ಗೊರವಂಕ ಸಂಜೆಯೊಳಗೆ ಮುಗಿಸಿದವು. ವರ್ಷ ವರ್ಷವೂ ಹಾಗೇ ನಡೆದು ಬಂತು.

ಆ ವರ್ಷ ಮಾತ್ರ ಎಳ್ಳಮಾಸಿಯಾದ ಐದನೇ ದಿನಕ್ಕೆ ಪಂದ್ಯ ಇಟ್ಟರು. ಬೇರೆ ಬೇರೆ ಕಾರ್ಖಾನೆಗಳ ದೊಡ್ಡವರು ಬರುವವರಿದ್ದರು. ಮೈದಾನದ ಮ್ಯಾನೇಜರು ಮೈಸೂರು ಕಡೆಯವರು, ಕೆಟ್ಟ ಮನುಷ್ಯರಲ್ಲ, ಆದರೆ ಮೇಲಿನವರ ಫೋನು ಬಂದರೆ ನಿಂತಲ್ಲೇ ಬೆವರುವವರು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, "ಹುಲ್ಲಿನ ಮೇಲೆ ಒಂದು ಅಗುಳು ಕಂಡರೂ ಅವರ ಪಾಸ್ ಕಿತ್ತುಕೊಂಡು ಮನೆಗೆ ಕಳಿಸುತ್ತೇನೆ" ಎಂದರು. ಎಳ್ಳಮಾಸಿಯ ಬೆಳಿಗ್ಗೆ ಅವಳು ಸೆರಗಿನಲ್ಲಿ ಗಂಟು ಮುಚ್ಚಿಕೊಂಡು ನನ್ನ ಮುಂದೆ ನಿಂತಳು. ಬೇಡ ಎನ್ನುವ ಬಾಯಿ ನನಗೆ ಬರಲಿಲ್ಲ, ಹೂಂ ಎನ್ನುವ ಧೈರ್ಯವೂ ಇರಲಿಲ್ಲ.

"ಯಕ್ಕಾ, ಮ್ಯಾಲ ಏನೂ ಕಾಣಬಾರ್ದು ನೋಡು" ಎಂದಷ್ಟೇ ಹೇಳಿದೆ.

ಆ ಅರ್ಧ ಮಾತೇ ನನ್ನ ತಪ್ಪು. ಸಂಜೆ ಏಳನೇ ಗ್ರೀನಿಗೆ ಹತ್ತಿ ಬರಿಗಾಲಿನಲ್ಲಿ ಅಡ್ಡಡ್ಡ ಉದ್ದುದ್ದ ನಡೆದೆ. ಒಂದು ಎಳ್ಳು ಕಾಳೂ ಇಲ್ಲ. ಅಂಚಿನಲ್ಲೂ ಇಲ್ಲ. ಜಾಣೆ, ಚೆಲ್ಲಿದ್ದನ್ನೆಲ್ಲ ಬಳಿದುಕೊಂಡು ಹೋಗಿದ್ದಾಳೆ ಎಂದು ಖುಷಿಯಾದೆ. ಎರಡು ದಿನದ ಹಿಂದೆ ಹಾಕಿದ ಸಣ್ಣ ಮರಳು ಒಳಗಿಳಿದು ಮೈ ಸಾಪಾಗಿತ್ತು. ನನ್ನ ಅಷ್ಟು ವರ್ಷದ ಕೆಲಸದಲ್ಲಿ ಆ ಗ್ರೀನ್ ಅಷ್ಟು ಚೆನ್ನಾಗಿ ಕಂಡದ್ದೇ ಇಲ್ಲ.

ಮರುದಿನ ಬೆಳಿಗ್ಗೆ ಹುಲ್ಲು ಕತ್ತರಿಸುವ ಯಂತ್ರದವನು ಓಡುತ್ತಲೇ ಬಂದ. "ಸರ, ಏಳನೇದ್ರಾಗ ಹಂದಿ ಹೊಕ್ಕಾವ್ರಿ. ಎಲ್ಲಾ ಬಗದ್ಹಾಕ್ಯಾವ." ಹೋಗಿ ನೋಡಿದರೆ ರಂಟೆ ಹೊಡೆದ ಹೊಲ. ಬಾವುಟ ಮಲಗಿತ್ತು. ಹುಲ್ಲಿನ ಹೆಪ್ಪುಗಳು ಬುಡಮೇಲಾಗಿ ಬಿದ್ದಿದ್ದವು, ಎಲ್ಲೆಲ್ಲೂ ಕೆಂಪು ಮಣ್ಣು ಮೇಲೆ ಬಂದಿತ್ತು. ಹಳ್ಳದ ಕಡೆ ಬೇಲಿಯ ಕೆಳಗೆ ಕಾಡುಹಂದಿಗಳು ನುಸುಳುವ ಜಾಗ ಒಂದಿತ್ತು, ನಿಜ. ಆದರೆ ದಾರಿಯಲ್ಲಿರುವ ಐದನೇದನ್ನೂ ಆರನೇದನ್ನೂ ಮುಟ್ಟದೆ ನೆಟ್ಟಗೆ ಇಲ್ಲಿಗೇ ಯಾಕೆ ಬಂದವು ಎಂಬುದು ಅರ್ಥವಾಗಲಿಲ್ಲ. ಅಳು ಬಂದಿತ್ತು, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಕೂತು ಅಳುವ ಹೊತ್ತಲ್ಲ. ಹಾಳಾದ ಗುಂಡಿಗಳನ್ನು ಸನಿಕೆಯಿಂದ ಚೌಕ ಮಾಡಿ ಕತ್ತರಿಸಲು ಕೂತೆ. ಮೂರನೇ ಗುಂಡಿಯಲ್ಲಿ, ಹಂದಿಯ ಮೂತಿ ತಪ್ಪಿದ ಒಂದು ಮೂಲೆಯಲ್ಲಿ, ಮೆತ್ತಗೆ ಏನೋ ಕೈಗೆ ಹತ್ತಿತು. ಕಡುಬಿನ ಚೂರು. ಅದಕ್ಕೆ ಪುಂಡಿಪಲ್ಯ ಅಂಟಿತ್ತು. ಮೇಲೆ ಒಂದು ಚಿಟಿಕೆ ಮರಳು ಉದುರಿಸಿ ನೀಟಾಗಿ ಮುಚ್ಚಿದ್ದರು. ಸುತ್ತ ನೋಡಿದೆ. ಉಳಿದಿದ್ದ ಹುಲ್ಲಿನಲ್ಲೂ ಬೆರಳಾಡಿಸಿದಾಗ ಮೂರು ಕಡೆಯ ಗೀರು ಸಿಕ್ಕವು. ನಾನೇ ಕಲಿಸಿದ ಗೀರುಗಳು.

ಅವಳನ್ನು ಒಬ್ಬಳನ್ನೇ ಕರೆದು ಅಂಗೈ ತೋರಿಸಿದೆ. "ಇದೇನ್ ಯಕ್ಕಾ?"

"ಕಡಬ್ರಿ" ಎಂದಳು. ಮುಚ್ಚಿಡುವ ಹವಣಿಕೆಯೇ ಇರಲಿಲ್ಲ. "ನೀವು ಮ್ಯಾಲ ಕಾಣಬಾರ್ದು ಅಂದ್ರಿ. ಭೂಮಿತಾಯಿಗೆ ಕೊಟ್ಟಿದ್ದನ್ನ ಹೊಳ್ಳಿ ಬಳಕೊಂಡ್ ಹೋಗಾಕ ಬರ್ತೈತೇನ್ರಿ? ಅದಕ್ಕ ನೀವು ತೋರ್ಸಿದ್ಹಂಗ ಕೊಯ್ದು, ಒಂದೊಂದ್ ತುತ್ತು ಇಟ್ಟು, ಮರಳು ಹಾಕಿ ಒತ್ತೀನಿ. ಹಿಂದೆಲ್ಲ ಅಂಚಿಗೆ ಹಾಕಿ ಹೋಗ್ತಿದ್ದೆ. ಈ ವರ್ಷ ಹೊಲದ ತುಂಬಾ ಹಾಕಿದ್ಹಂಗಾತು ಅಂತ ಹೊಟ್ಟಿ ತಣ್ಣಗಾಗಿತ್ರಿ."

"ಹಂದಿ ಬರ್ತಾವ ಅಂತ ತಿಳೀಲಿಲ್ಲೇನು?"

"ಹೊಲ ಇದ್ದಾಗ್ಲೂ ಬರ್ತಿದ್ವು. ಚರಗದಾಗ ಅವುಕ್ಕೂ ಪಾಲು ಐತಿ. ಆವಾಗ ಯಾರೂ ಹುಲ್ಲು ಅಳೀತಿದ್ದಿಲ್ರಿ." ಹಾಗೆಂದವಳು ಬಗೆದುಬಿದ್ದ ನೆಲ ನೋಡಿದಳು. ಆಮೇಲೆ ದನಿ ಇಳಿಯಿತು. "ನನ್ನ ಪಾಸ್ ಕಸಗೊಂತಾರೇನ್ರಿ?"

ಬೈಯಬೇಕೆಂದು ಕರೆದಿದ್ದೆ, ಬೈಯಲಾಗಲಿಲ್ಲ. ಚೂರನ್ನು ಮಣ್ಣಿಗೇ ಹಾಕಿ ಕಾಲಿನಿಂದ ಮುಚ್ಚಿದೆ.

ಹತ್ತು ಗಂಟೆಗೆ ಮ್ಯಾನೇಜರು ಬಂದರು. ತಲೆಯ ಮೇಲೆ ಕೈ ಹೊತ್ತು ಗ್ರೀನಿನ ಸುತ್ತ ಎರಡು ಸುತ್ತು ಹಾಕಿ ಕೇಳಿದರು, "ಎಂಟು ಗ್ರೀನ್ ಬಿಟ್ಟು ಇಲ್ಲಿಗೇ ಯಾಕ್ರೀ ಬಂದವು? ಇಲ್ಲೇನೋ ಇರಲೇಬೇಕು." ಹೆಣ್ಣಾಳುಗಳೆಲ್ಲ ನೆಲ ನೋಡುತ್ತಿದ್ದರು. ಅವಳ ಕೈ ಕೊರಳ ಪಾಸಿನ ಮೇಲಿತ್ತು.

"ಗೊಣ್ಣೆಹುಳ ಸರ್" ಎಂದೆ. "ಮಣ್ಣಿನೊಳಗೆ ಬೇರು ತಿನ್ನುವ ಹುಳ. ಅದರ ವಾಸನೆಗೆ ಹಂದಿ ಬಗೆಯುತ್ತವೆ. ಉಳಿದವಕ್ಕೆ ಔಷಧ ಹೊಡೆಸಿದ್ದೆ, ಇದೊಂದು ತಪ್ಪಿಹೋಗಿತ್ತು. ನನ್ನದೇ ತಪ್ಪು."

"ತೋರಿಸಿ, ಎಲ್ಲಿದೆ ಹುಳ?"

ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವ ಸರದಿ ನನ್ನದಾಯಿತು. ಆಫೀಸಿನಲ್ಲಿ ಇಟ್ಟಿದ್ದೇನೆ, ತರುತ್ತೇನೆ ಎಂದು ಹೇಳಿ ಇಳಿದೆ. ಶೆಡ್ಡಿನ ಹಿಂದೆ ಕತ್ತರಿಸಿದ ಹುಲ್ಲು ಕೊಳೆಯುವ ತಿಪ್ಪೆ ಇದೆ. ಅದನ್ನು ಕೆದಕಿದರೆ ಬೆಳ್ಳಗಿನ ಗೊಣ್ಣೆಹುಳು ಬೇಕಾದಷ್ಟು. ಏಳೆಂಟನ್ನು ಚಹಾದ ಲೋಟಕ್ಕೆ ಹಾಕಿಕೊಂಡು ಹತ್ತಿ ಬಂದೆ. ಮ್ಯಾನೇಜರು ಮೂಗು ಮುಚ್ಚಿಕೊಂಡು ಮೊಬೈಲಿನಲ್ಲಿ ಫೋಟೊ ತೆಗೆದರು. ಒಂದು ಸುಳ್ಳನ್ನು ಬಾಯಲ್ಲಿ ಹೇಳಿದ್ದೆ, ಈಗ ಅದಕ್ಕೆ ಲೋಟದಲ್ಲಿ ಜೀವವೂ ಬಂತು.

ಆಮೇಲಿನ ನಾಲ್ಕು ದಿನ ಹೇಗೆ ಕಳೆದವು ಎಂದು ನೆನೆದರೆ ಈಗಲೂ ಬೆನ್ನು ನೋಯುತ್ತದೆ. ಚಳಿಗಾಲದಲ್ಲಿ ಈ ಹುಲ್ಲು ಹಬ್ಬುವುದಿಲ್ಲ. ಗಾಯ ತಾನಾಗಿ ಕೂಡಲಿ ಎಂದು ಕಾಯುವಂತಿಲ್ಲ, ಬೇರೆ ಕಡೆಯ ಹುಲ್ಲನ್ನು ಮಣ್ಣು ಸಮೇತ ಕತ್ತರಿಸಿ ತಂದು ಕೂರಿಸಬೇಕು. ಮೊದಲ ದಿನ ಸಸಿಮಡಿಯ ಹುಲ್ಲು ತಂದೆವು. ಅದನ್ನು ನಾನು ಮಳೆಗಾಲದಿಂದ ಸರಿಯಾಗಿ ಕತ್ತರಿಸಿರಲಿಲ್ಲ. ಮೆತ್ತೆಯಂತೆ ದಪ್ಪವಾಗಿ, ಬಣ್ಣವೂ ಬೇರೆಯಾಗಿ, ಮುಗಿಸಿ ನಿಂತು ನೋಡಿದರೆ ಏಳನೇ ಗ್ರೀನ್ ತೇಪೆ ಹಚ್ಚಿದ ಕೌದಿಯ ಹಾಗೆ ಕಂಡಿತು. ಯಂತ್ರ ಒಂದು ಸಲ ಹಾಯ್ದದ್ದೇ ತಡ, ಎತ್ತರ ಕೂತ ತುಂಡುಗಳ ತಲೆ ಬೋಳಾಯಿತು.

ಎರಡನೇ ದಿನ ಅದನ್ನೆಲ್ಲ ಕಿತ್ತು ಹಾಕಿಸಿದೆ. ಆಟಕ್ಕೆ ಮುಂಚೆ ಕೈ ಪಳಗಿಸಿಕೊಳ್ಳಲು ಕ್ಲಬ್ಬಿನ ಎದುರಿಗೊಂದು ಗ್ರೀನ್ ಇದೆ. ಅದರ ಹುಲ್ಲು ಇದರ ಒಡಹುಟ್ಟು, ಅದೇ ಎತ್ತರ, ಅದೇ ಬಣ್ಣ. ಅದರ ಹಿಂದಿನ ಅರ್ಧವನ್ನು ಬೋಳು ಮಾಡಿದೆ. ಮ್ಯಾನೇಜರನ್ನು ಕೇಳಲೂ ಇಲ್ಲ. ಗೇಣು ಚೌಕದ ತುಂಡು ಕತ್ತರಿಸುವುದು, ಗುಂಡಿಯ ತಳಕ್ಕೆ ಮರಳು ಹಾಕಿ ಹಲಗೆಯಿಂದ ಬಡಿಯುವುದು, ತುಂಡನ್ನು ಕೂದಲೆಳೆಯಷ್ಟು ಕೆಳಗೇ ಕೂರಿಸುವುದು, ಸಂದಿಗೆ ಮರಳು ತುಂಬಿ ಕೈಯಿಂದ ತೀಡುವುದು. ಹೆಂಗಸರು ಮೊಣಕಾಲೂರಿ ಸಾಲಾಗಿ ಕೂತರು. ಅವಳು ಎಲ್ಲರಿಗಿಂತ ಮುಂದೆ. ಆ ದಿನ ನಗೆಚಾಟಿಕೆ ಒಂದೂ ಇರಲಿಲ್ಲ. ತಾನು ಇಟ್ಟ ತುತ್ತಿನ ಗುಂಡಿಗಳನ್ನು ತಾನೇ ಮುಚ್ಚುತ್ತಿದ್ದಳು. ಪ್ರತಿ ತುಂಡಿಗೂ ಅದೇ ಮಾತು, "ಸರಿಯಾಗಿ ಕುಂತೈತೇನ್ ನೋಡ್ರಿ."

ಮೂರನೇ ದಿನ ಗಾಳಿ ಎದ್ದಿತು. ಹಿಂದೆ ತಡೆಯಲು ಒಂದು ಪೊದೆಯೂ ಇಲ್ಲದ ಆ ದಿಬ್ಬದಲ್ಲಿ ಬೇರಿಲ್ಲದ ತುಂಡುಗಳ ಅಂಚು ಮಧ್ಯಾಹ್ನದೊಳಗೆ ಹುಲ್ಲುಕಡ್ಡಿಯಂತೆ ಒಣಗತೊಡಗಿತು. ಪೈಪು ಬಿಟ್ಟರೆ ಮರಳು ಕೊಚ್ಚಿಹೋಗುತ್ತದೆ, ಬಿಡದಿದ್ದರೆ ಹುಲ್ಲು ಸಾಯುತ್ತದೆ. ಕಾರಟಗಿಯ ಅಕ್ಕಿ ಗಿರಣಿಯಲ್ಲಿರುವ ನನ್ನ ಅಣ್ಣನಿಗೆ ಫೋನು ಮಾಡಿ ಹಳೆಯ ಗೋಣಿಚೀಲ ತರಿಸಿದೆ. ಒದ್ದೆ ಮಾಡಿ ಗ್ರೀನಿನ ತುಂಬ ಹೊದಿಸಿ, ತಾಸಿಗೊಮ್ಮೆ ನೀರು ಚಿಮುಕಿಸಿದೆವು. ನಾಲ್ಕನೇ ದಿನ ಚೀಲ ತೆಗೆದಾಗ ಹುಲ್ಲು ಉಸಿರಾಡುತ್ತಿತ್ತು. ಮರುದಿನ ಪಂದ್ಯವೂ ನಡೆಯಿತು. ಏಳನೇ ಗ್ರೀನ್ ಸ್ವಲ್ಪ ನಿಧಾನ ಎಂದು ಒಬ್ಬರು ಅಂದರಂತೆ. ಅಷ್ಟೇ.

ಅಲ್ಲಿಗೆ ಮುಗಿಯಿತು ಎಂದು ನಾನು ತಿಳಿದಿದ್ದೆ. ಆದರೆ ಹುಳುಗಳ ಫೋಟೊ ಮೇಲಿನವರಿಗೂ, ಅವರಿಂದ ಒಬ್ಬ ಸಲಹೆಗಾರರಿಗೂ ಹೋಗಿತ್ತು. ಬೇಸಿಗೆಯ ಹೊತ್ತಿಗೆ ಉತ್ತರ ಬಂತು. ಹುಳು ಇರುವುದು ಹೊಲದ ಹಳೇ ಮಣ್ಣಿನಲ್ಲಿ, ಅದನ್ನು ಸೊಂಟದಾಳ ತೆಗೆದು ಹಾಕಿ, ಕೆಳಗೆ ಜಲ್ಲಿ, ಮೇಲೆ ತೊಳೆದ ಹೊಳೆಮರಳು ತುಂಬಿ ಹೊಸದಾಗಿ ಕಟ್ಟಬೇಕು. ಮ್ಯಾನೇಜರು ಉತ್ಸಾಹದಿಂದ ನನ್ನ ಭುಜ ತಟ್ಟಿದರು. "ನಿಮ್ಮ ಹುಳದಿಂದ ಒಳ್ಳೇದೇ ಆಯ್ತು ನೋಡಿ. ಈ ಗ್ರೀನಿಗೆ ದುಡ್ಡು ಕೇಳಿ ಕೇಳಿ ಸಾಕಾಗಿತ್ತು, ಈಗ ಮಂಜೂರಾಗಿದೆ."

ನಿಜ ಹೇಳಿಬಿಡೋಣ ಎಂದು ಅವರ ಕೋಣೆಯ ಬಾಗಿಲವರೆಗೆ ಹೋದೆ. ಬಾಗಿಲು ತಟ್ಟದೆ ತಿರುಗಿ ಬಂದು ಅವಳನ್ನು ಹುಡುಕಿದೆ. ನಾಲ್ಕನೇ ಗ್ರೀನಿನಲ್ಲಿ ಕಳೆ ತೆಗೆಯುತ್ತಿದ್ದಳು. ಎಲ್ಲ ಹೇಳಿದೆ. ಮಣ್ಣು ತೆಗೆಯುತ್ತಾರೆ, ನಿಜ ಹೇಳಿದರೆ ಮಣ್ಣು ಉಳಿಯಬಹುದು, ಆದರೆ ಪಾಸು ಹೋಗುತ್ತದೆ, ನೀನೇ ಹೇಳು ಎಂದೆ.

ಅವಳು ಚಾಕುವನ್ನು ಹುಲ್ಲಿಗೆ ಒರೆಸಿದಳು. "ಪಾಸ್ ಹೋದ್ರ ಮಣ್ಣು ಇದ್ದು ಏನ್ ಮಾಡ್ಲ್ರಿ? ಗ್ವಾಡಿ ಹೊರಗ ನಿಂತು ನೋಡೂದೇನು? ಮಣ್ಣ ಹೋದ್ರ ಈ ಪಾಸ್ ಕೊಳ್ಳಾಗ ಕಟಿಗೊಂಡು ಏನ್ ಮಾಡ್ಲಿ?" ನನ್ನ ಮುಖ ನೋಡಿದಳು. "ಓದಿದವ್ರು ನೀವು. ನೀವ ಹೇಳ್ರಿ."

ನಾನು ಹೇಳಲಿಲ್ಲ. ಅವಳಿಗೂ ಹೇಳಲಿಲ್ಲ, ಮ್ಯಾನೇಜರಿಗೂ ಹೇಳಲಿಲ್ಲ. ಅವಳ ಪಾಸಿಗಾಗಿ ಸುಮ್ಮನಾದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಲೋಟದಲ್ಲಿ ಹುಳು ತಂದವನು ಯಾರು ಎಂಬುದೂ ಹೊರಗೆ ಬರುತ್ತಿತ್ತಲ್ಲ. ಆ ಭಯ ಅರ್ಧಕ್ಕಿಂತ ಹೆಚ್ಚೇ ಇತ್ತು.

ಬೇಸಿಗೆಯಲ್ಲಿ ಜೆಸಿಬಿ ಬಂತು. ಟ್ರ್ಯಾಕ್ಟರುಗಳು ಮೂರು ದಿನ ಕೆಂಪು ಮಣ್ಣು ಹೊತ್ತವು. ಸಸಿಮಡಿಯಲ್ಲಿ ಕೆಲಸಕ್ಕೆ ಹಚ್ಚಿದ್ದರೂ ಅವಳು ಪ್ರತಿ ಟ್ರ್ಯಾಕ್ಟರು ಹಾಯುವಾಗ ಎದ್ದು ನಿಲ್ಲುತ್ತಿದ್ದಳು. ಎಲ್ಲಿಗೆ ಒಯ್ಯುತ್ತಾರೆ ಎಂದು ಚಾಲಕನನ್ನು ಕೇಳಿದಳಂತೆ. ದೂರವೇನೂ ಒಯ್ಯಲಿಲ್ಲ. ಕ್ಲಬ್ಬಿನ ಮುಂದೆ ಕಾರು ನಿಲ್ಲಿಸುವ ಜಾಗ ತಗ್ಗಾಗಿತ್ತು, ಅದಕ್ಕೆ ಸುರಿದು, ರೋಲರ್ ಓಡಿಸಿ, ಮೇಲೆ ಸಿಮೆಂಟಿನ ಇಟ್ಟಿಗೆ ಹಾಸಿದರು.

ಮಳೆಗಾಲದಲ್ಲಿ ಹೊಸ ಮರಳಿನ ಮೇಲೆ ಹುಲ್ಲು ನೆಟ್ಟೆವು. ನೀರು ನಿಲ್ಲುವುದಿಲ್ಲ, ಹುಳು ಇಲ್ಲ, ಬೇರು ಆಳಕ್ಕೆ ಇಳಿಯಿತು. ದಸರೆ ಹೊತ್ತಿಗೆ ಏಳನೇ ಗ್ರೀನ್ ಈ ಮೈದಾನದಲ್ಲೇ ಚಂದದ್ದಾಯಿತು. ಕೆಳಗೆ ನಿಂತು ನೋಡಿದರೆ ಹಸಿರು ಎಲ್ಲಿ ಮುಗಿದು ಮುಗಿಲು ಎಲ್ಲಿ ಶುರುವಾಯಿತು ಎಂಬ ಗೆರೆ ಚಾಕುವಿನಿಂದ ಕೊಯ್ದಂತೆ ಕಾಣುತ್ತದೆ. ಬಂದವರೆಲ್ಲ ಫೋಟೊ ತೆಗೆದುಕೊಳ್ಳುತ್ತಾರೆ. ನನಗೆ ಅಲ್ಲಿ ಹತ್ತುವ ಮನಸ್ಸೇ ಆಗುವುದಿಲ್ಲ.

ಮತ್ತೆ ಎಳ್ಳಮಾಸಿ ಬಂತು. ಈ ಸಲ ಪಂದ್ಯವಿರಲಿಲ್ಲ, ಮ್ಯಾನೇಜರು ಊರಿಗೆ ಹೋಗಿದ್ದರು. ಅವಳು ಗಂಟು ಹಿಡಿದು ಗೇಟಿನಲ್ಲಿ ಪಾಸು ತೋರಿಸಿ ಒಳಗೆ ಬಂದಾಗ ನಾನೇ ಎದುರು ಹೋದೆ.

"ಯಕ್ಕಾ, ಮ್ಯಾಲ ಯಾರೂ ಇಲ್ಲ. ಗ್ರೀನಿನ ತುಂಬಾ ಚೆಲ್ಲು. ಬೇಕಂದ್ರ ಕೂಗಿ ಚೆಲ್ಲು. ಹಂದಿ ಬಂದ್ರ ಬರ್ಲಿ, ನಾ ನೋಡ್ಕೊಂತೀನಿ."

ಅವಳು ದಿಬ್ಬದ ಕಡೆ ನೋಡಿದಳು. ಬಿಸಿಲಿಗೆ ಕಣ್ಣ ಮೇಲೆ ಕೈ ಅಡ್ಡ ಹಿಡಿದಿದ್ದಳು.

"ಅಲ್ಲೇನ್ ಐತ್ರಿ ಸಾಹೇಬ್ರ? ಮರಳು. ಮರಳು ಬಸುರಾಗಂಗಿಲ್ಲ."

ಹಾಗೆಂದು ಕ್ಲಬ್ಬಿನ ಕಡೆ ನಡೆದಳು. ನಾನೂ ಹಿಂದೆ ಹೋದೆ. ಕಾರು ನಿಲ್ಲಿಸುವ ಜಾಗದಲ್ಲಿ ಎರಡು ಕಾರುಗಳಿದ್ದವು. ಅವುಗಳ ನಡುವೆ ಕೂತು, ಸೊಂಟದಿಂದ ಕಳೆಯ ಚಾಕು ತೆಗೆದು, ಒಂದು ಸಿಮೆಂಟಿನ ಇಟ್ಟಿಗೆಯ ನಾಲ್ಕೂ ಬದಿ ಗೀರಿದಳು. ಎಬ್ಬಿ ಎತ್ತಿದಳು. ಕೆಳಗೆ ಕೆಂಪು ಮಣ್ಣು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಅದನ್ನು ಚಾಕುವಿನ ಮೊನೆಯಿಂದ ಸಡಿಲ ಮಾಡಿ ಒಂದು ತುತ್ತು ಇಟ್ಟು, ಬಾಯೊಳಗೆ ಹುಲ್ಲುಲಿಗೋ ಎಂದಳು. ಸಂದಿಯ ಪುಡಿ ಉದುರಿಸಿ, ಇಟ್ಟಿಗೆ ಮುಚ್ಚಿ, ಎರಡೂ ಹೆಬ್ಬೆರಳಿನಿಂದ ಒತ್ತಿದಳು. ಆಮೇಲೆ ತಲೆ ಎತ್ತಿದಳು.

"ಸರಿಯಾಗಿ ಕುಂತೈತೇನ್ ನೋಡ್ರಿ ಸಾಹೇಬ್ರ."

ನಾನು ಚಪ್ಪಲಿ ಬಿಟ್ಟು ಬರಿಗಾಲಿನಿಂದ ಸವರಿದೆ. ಏರುತಗ್ಗು ಇರಲಿಲ್ಲ.

"ಏನೂ ಕಾಣಂಗಿಲ್ಲ ಯಕ್ಕಾ" ಎಂದೆ.